ಕೆಂಪು ನಡೆಮಡಿ

ನಮ್ಮ ಮನೆಯಲ್ಲಿ ‘ಧಣಿ’ ಎಂಬ ಶಬ್ದವನ್ನು ಯಾರೂ ಆಡುವಂತಿರಲಿಲ್ಲ. ಊರ ನಡುವೆ ಕಲ್ಲಿನ ದೊಡ್ಡ ವಾಡೆ ಇತ್ತು. ಅದರೊಳಗಿನವರನ್ನು ಊರಿಗೆ ಊರೇ ಧಣ್ಯಾರು ಎನ್ನುತ್ತಿತ್ತು. ಅಪ್ಪ ಮಾತ್ರ ‘ವಾಡೇದವರು’ ಎನ್ನುತ್ತಿದ್ದ. ಸಣ್ಣವಳಿದ್ದಾಗ ಒಮ್ಮೆ ಶಾಲೆಯಿಂದ ಓಡಿ ಬಂದು, “ಅಪ್ಪಾ, ಇವತ್ತ ಧಣ್ಯಾರು ಸಾಲ್ಯಾಗ ಪೇಡೆ ಹಂಚಿದ್ರು” ಎಂದೆ. ಅವನು ಬಯ್ಯಲಿಲ್ಲ. ನನ್ನನ್ನು ಎದುರಿಗೆ ಕೂಡಿಸಿಕೊಂಡು, “ಪೇಡೆ ಅವರು ಕೊಟ್ರು. ದಿನಾ ರೊಟ್ಟಿ ಯಾರು ಕೊಡ್ತಾರ?” ಎಂದು ಕೇಳಿದ.

“ನೀನು.”

“ನಾನಲ್ಲವ್ವಾ, ಹೊಲ. ಹೊಲಕ್ಕ ನಾವು ಧಣಿ ಅಂತೇವೇನು? ಮತ್ತ ಮನಶ್ಯಾಗ ಯಾಕ ಅನಬೇಕು?”

ನಮ್ಮದು ಮುಂಡರಗಿ ತಾಲೂಕಿನ ಊರು. ಕಪ್ಪತ್ತಗುಡ್ಡದ ಕಡೆಯ ಕೆಂಪು ಮಣ್ಣಿನ ಮಸಾರಿ ಹೊಲ. ಅದನ್ನು ನನ್ನ ಅಜ್ಜ, ಅವನ ಅಪ್ಪ ಎಲ್ಲ ವಾಡೆಯವರ ಕಡೆಯಿಂದ ಪಾಲಿಗೆ ಮಾಡುತ್ತಿದ್ದರು. ರಾಶಿಯಾದ ದಿನ ವಾಡೆಯ ಪಾಲನ್ನು ಮೊದಲು ಅಳೆದು ಕೊಡಬೇಕು, ಉಳಿದದ್ದು ಇವರದು. ಅಪ್ಪ ಹರೆಯಕ್ಕೆ ಬರುವ ಹೊತ್ತಿಗೆ ಸಮಾಜವಾದದ ಗಾಳಿ ಈ ಕಡೆಯೂ ಬೀಸಿತು. ಪಾಲಿನ ರೈತರು ಸೇರಿ ಸಂಘ ಕಟ್ಟಿದರು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲ ಕಡೆ ಅದರ ಜನ ಇದ್ದರು. ಸಂಘಕ್ಕೆ ಒಂದು ಬರೀ ಕೆಂಪು ಬಾವುಟ. ಅದರ ಮೇಲೆ ಗುರುತು ಇಲ್ಲ, ಅಕ್ಷರ ಇಲ್ಲ. ಬಟ್ಟೆಯನ್ನು ಬಣ್ಣಕ್ಕೆ ಅದ್ದಿ, ಅಂಚು ಮಡಿಸಿ ಹೊಲಿದು ಕೊಡುತ್ತಿದ್ದವಳು ನನ್ನ ಅವ್ವ. ಆಗಿನ್ನೂ ಅವಳು ಹೊಸ ಸೊಸೆ. ಉಳುವವನಿಗೇ ಹೊಲ ಎಂಬ ಕಾನೂನು ಬಂದಾಗ ಅಪ್ಪ ಭೂನ್ಯಾಯ ಮಂಡಳಿಯ ಮುಂದೆ ನಿಂತು, ವಾಡೆಯ ಯಜಮಾನರ ಎದುರೇ, “ಈ ಹೊಲ ನಾ ಉಳತೇನಿ” ಎಂದು ಹೇಳಿದ. ಹೊಲ ಅವನ ಹೆಸರಿಗೆ ಆಯಿತು. ಅಂದಿನಿಂದ ಅವನ ಬಾಯಲ್ಲಿ ‘ಧಣಿ’ ಎಂಬ ಶಬ್ದ ಬಂದಿರಲಿಲ್ಲ.

ವಾಡೆಯ ಯಜಮಾನರು ತೀರಿಕೊಂಡರು. ಮಕ್ಕಳು ಬೆಳಗಾವಿ, ಪುಣೆ ಎಂದು ಹೋದರು. ವಾಡೆಯ ಹೆಬ್ಬಾಗಿಲಿನ ಮುಂದೆ ಜಾಲಿ ಬೆಳೆಯಿತು. ನಾನು ದೊಡ್ಡವಳಾಗುವ ಹೊತ್ತಿಗೆ ಊರಲ್ಲಿ ಆ ಶಬ್ದವೂ ಹೆಚ್ಚು ಕೇಳುತ್ತಿರಲಿಲ್ಲ. ಎಲ್ಲ ಮುಗಿದುಹೋದ ಸಂಗತಿ ಎಂದೇ ನಾನು ತಿಳಿದಿದ್ದೆ.

ನಾನು ಗದಗಿನಲ್ಲಿ ಚಿತ್ರಕಲೆ ಕಲಿತು ಶಿರಹಟ್ಟಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆದೆ. ಅಷ್ಟರಲ್ಲಿ ನಮ್ಮ ಗದಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಹೊಸ ಕಚೇರಿ, ಹೊಸ ಬೋರ್ಡು, ಹೊಸ ಸಮಿತಿ, ಪ್ರತಿಯೊಂದಕ್ಕೂ ಹೊಸ ಅಧ್ಯಕ್ಷರು ಬೇಕಾದರು. ವಾಡೆಯ ಮೊಮ್ಮಗ ಪುಣೆಯಿಂದ ತಿರುಗಿ ಬಂದದ್ದು ಆಗ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ಜಾಲಿ ಕಡಿಸಿದ, ಹೆಬ್ಬಾಗಿಲಿಗೆ ಎಣ್ಣೆ ಹಚ್ಚಿಸಿದ, ಮುಂಡರಗಿಯಲ್ಲಿ ಕಾಲೇಜು ತೆಗೆದ, ಸಹಕಾರಿ ಬ್ಯಾಂಕಿಗೆ ಅಧ್ಯಕ್ಷನಾದ. ಒರಟು ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಸಣ್ಣ ಹುಡುಗರಿಗೂ “ಬರ್ರಿ, ಕುಂಡ್ರಿ” ಎನ್ನುತ್ತಿದ್ದ. ನೋಡನೋಡುತ್ತ ಬ್ಯಾನರುಗಳ ಮೇಲೆ ‘ನಮ್ಮ ಧಣಿ’ ಎಂದು ದಪ್ಪ ಅಕ್ಷರಗಳು ಬಂದವು. ಬರೆಸಿದವರು ಯಾರು ಎಂದರೆ, ಅಪ್ಪನ ಜೊತೆ ಬಾವುಟ ಹಿಡಿದವರ ಮಕ್ಕಳು.

ಗದಗಿನಲ್ಲಿ ನನ್ನ ಜೊತೆ ಚಿತ್ರಕಲೆ ಕಲಿತ ಒಬ್ಬ ಗೆಳೆಯ ಲಕ್ಷ್ಮೇಶ್ವರದಲ್ಲಿ ಇದ್ದ. ಅವನ ಮನೆಯವರು ತಲೆತಲಾಂತರದಿಂದ ತಗಡಿನ ಟ್ರಂಕು, ಡಬ್ಬಿ ಮಾಡುವವರು. ಇವನು ತಗಡು ಬಿಟ್ಟು ಕುಂಚ ಹಿಡಿದಿದ್ದ. ನೌಕರಿ ಇರಲಿಲ್ಲ, ಅಂಗಡಿಗಳ ಬೋರ್ಡು ಬರೆದು ದಿನ ನೂಕುತ್ತಿದ್ದ. ಅಲ್ಲಿ ಒಂದು ಮದುವೆಯಲ್ಲಿ ನಾವಿಬ್ಬರೂ ಭೇಟಿಯಾದೆವು. ಅಕ್ಷತೆಯ ಹೊತ್ತಿಗೆ ವಾಡೆಯ ಮೊಮ್ಮಗನ ಕಾರು ಬಂತು. ಕಾರಿನಿಂದ ಮಂಟಪದವರೆಗೆ ಯಾರೋ ಅವಸರದಲ್ಲಿ ಬಿಳಿ ಬಟ್ಟೆ ಹಾಸಿದರು. ದೇವರಿಗೆ, ಸ್ವಾಮಿಗಳಿಗೆ, ಒಂದು ಕಾಲಕ್ಕೆ ವಾಡೆಯವರಿಗೆ ಹಾಸುತ್ತಿದ್ದ ನಡೆಮಡಿ ಅದು. ನಾನು ಅದನ್ನು ಅವ್ವನ ಬಾಯಲ್ಲಿ ಕೇಳಿದ್ದೆನೇ ಹೊರತು ಕಣ್ಣಾರೆ ನೋಡಿದ್ದು ಅಂದೇ ಮೊದಲು. ಗೆಳೆಯ ನನ್ನ ಕಿವಿಯ ಹತ್ತಿರ ಬಾಗಿ, “ಬಿಳೇದು ಯಾಕ? ಕೆಂಪಂದು ಹಾಸಿದ್ರ ಛಲೋ ಒಪ್ತಿತ್ತು. ನಿಮ್ಮಪ್ಪನ ಬಾವುಟ ಅದಾವಲ್ಲ?” ಎಂದ. ಚಾಷ್ಟಿಗೆ, ನಗಿಸಲು ಅಂದ ಮಾತು. ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಇಬ್ಬರೂ ನಗುವುದನ್ನು ನಿಲ್ಲಿಸಿದ್ದೆವು.

ಆ ವರ್ಷ ಜಿಲ್ಲೆಯ ಕಲಾವಿದರೆಲ್ಲ ಸೇರಿ ಗದಗಿನ ಒಂದು ಮುಚ್ಚಿದ ಹತ್ತಿ ಗಿರಣಿಯಲ್ಲಿ ಪ್ರದರ್ಶನ ಇಡುವುದಿತ್ತು. ನಮ್ಮಿಬ್ಬರಿಗೂ ಒಂದು ಕೋಣೆ ಸಿಕ್ಕಿತು. ಗೋಡೆಗೆ ಚಿತ್ರ ತೂಗುಹಾಕುವುದಲ್ಲ, ಇಡೀ ಕೋಣೆಯನ್ನೇ ಒಂದು ಕೃತಿ ಮಾಡುವುದು ಎಂದು ಗೊತ್ತುಮಾಡಿದೆವು. ಬಾಗಿಲಿನಿಂದ ಒಳಗೆ ಸಂಘದ ಹಳೆಯ ಬಾವುಟಗಳನ್ನು ಕೂಡಿಸಿ ಹೊಲಿದ ಉದ್ದನೆಯ ನಡೆಮಡಿ. ಅದರ ಕೊನೆಗೆ, ಕಟ್ಟೆಯ ಮೇಲೆ, ಚಿನ್ನದ ಬಣ್ಣ ಬಳಿದು ಕೆಂಪು ಮಖಮಲ್ಲು ಹೊದಿಸಿ ಕೈಗೆ ಸಿಂಹದ ಮುಖ ಕೂಡಿಸಿದ, ಮದುವೆ ಮಂಟಪದಲ್ಲಿ ಇಡುತ್ತಾರಲ್ಲ, ಅಂಥ ಕುರ್ಚಿ. ಕುರ್ಚಿ ಖಾಲಿ. ಪಕ್ಕದಲ್ಲಿ ಚಾಮರದ ಹಾಗೆ ಪುಂಡಿ ನಾರಿನ ಚವರಿ ಕಟ್ಟಿದ ಟೇಬಲ್ ಫ್ಯಾನು ಅತ್ತಿತ್ತ ತಿರುಗುತ್ತ ಖಾಲಿ ಕುರ್ಚಿಗೆ ಗಾಳಿ ಹಾಕಬೇಕು. ಗೋಡೆಯ ಮೇಲೆ ರುಮಾಲು, ಮೀಸೆಯ ಧಣಿಗಳ ಚಿತ್ರಗಳು. ಒಬ್ಬನ ಕೈಯಲ್ಲಿ ಖಡ್ಗದ ಬದಲು ರಿಬ್ಬನ್ ಕತ್ತರಿಸುವ ಕತ್ತರಿ, ಒಬ್ಬನ ಕೈಯಲ್ಲಿ ಮೈಕು, ಒಬ್ಬನ ಮುಂದೆ ಶಾಲಿನ ರಾಶಿ.

ಅಪ್ಪನಿಗೆ ಹೇಗೆ ಹೇಳುವುದು ಎಂಬುದೇ ನನಗೆ ಚಿಂತೆಯಾಗಿತ್ತು. ಊರಿಗೆ ಹೋಗಿ ಎಲ್ಲ ಬಿಚ್ಚಿ ಹೇಳಿದೆ. ಅವ್ವ ಹೌಹಾರಿದಳು.

“ಕಾಲಾಗ ಹಾಸಾಕ? ನಾ ಹೊಲದಿದ್ದನ್ನ ಕಾಲಾಗ ಹಾಸ್ತೀಯೇನ?”

ಅಪ್ಪ ಒಂದು ಬಾವುಟ ತೆಗೆದು ತೊಡೆಯ ಮೇಲೆ ಹರಡಿಕೊಂಡ. ಆಮೇಲೆ, “ಹಾಸಲಿ ಬಿಡು. ಖರೇನ ಅದು ಕಾಲಾಗ ಬಿದ್ದು ಎಷ್ಟು ದಿನಾ ಆತು. ಕಣ್ಣಿಗೆ ಕಂಡ್ರ ಜನ ನಿಲ್ತಾರ. ಯಾರೂ ಕಾಲ ಇಡೂದಿಲ್ಲ ನೋಡ್ತಿರು” ಎಂದ.

“ಇಟ್ರ?” ಎಂದು ಅವ್ವ ಕೇಳಿದಳು.

“ಇಡೂದಿಲ್ಲ.”

ನಮ್ಮ ಮನೆಯ ಬಾವುಟಗಳು ಸಾಲುತ್ತಿರಲಿಲ್ಲ. ಅಪ್ಪ ತಾನೇ ನನ್ನನ್ನು ಕರೆದುಕೊಂಡು ಹಳೆಯ ಸಂಗಾತಿಗಳ ಮನೆಗಳಿಗೆ ಹೊರಟ. ಬಸ್ಸಿನಿಂದ ಬಸ್ಸು ಬದಲಿಸುತ್ತ ರವಿವಾರಗಳನ್ನೆಲ್ಲ ಹಾಗೆ ಕಳೆದೆವು. ಅವನ ಮುಖದಲ್ಲಿ ಅಂಥ ಹುರುಪನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಅದು ಮನೆಯಿಂದ ಮನೆಗೆ ಇಳಿಯುತ್ತ ಹೋಯಿತು. ಹಿರೇವಡ್ಡಟ್ಟಿಯಲ್ಲಿ ಒಬ್ಬರ ಮನೆಯಲ್ಲಿ ಬಾವುಟ ಟಿವಿಯ ಮೇಲಿನ ಹೊದಿಕೆಯಾಗಿತ್ತು. ಅದನ್ನು ಎಳೆದು ಝಾಡಿಸಿ ಕೊಡುತ್ತ ಅವರು, “ತಗೋ, ಮಗನ ಮದಿವ್ಯಾಗ ಧಣ್ಯಾರು ಕಾಶ್ಮೀರಿ ಶಾಲ ಕೊಟ್ಟಾರ, ಇನ್ನ ಅದನ್ನ ಹೊಚ್ಚತೇನಿ” ಎಂದರು. ಶಿರಹಟ್ಟಿಯ ಹತ್ತಿರದ ಹಳ್ಳಿಯಲ್ಲಿ ಸಂಗಾತಿ ತೀರಿಕೊಂಡಿದ್ದ. ಅವನ ಹೆಂಡತಿಗೆ ಬಾವುಟ ಎಂದರೆ ಯಾವುದೆಂದು ನೆನಪಾಗಲಿಲ್ಲ. ಕೊನೆಗೆ ಶೇಂಗಾ ಬೀಜ ಕಟ್ಟಿಟ್ಟಿದ್ದ ಗಂಟು ಬಿಚ್ಚಿ, “ಇದೇನ್ರಿ?” ಎಂದು ಕೇಳಿದಳು. ಲಕ್ಷ್ಮೇಶ್ವರದ ಒಬ್ಬ ಮುದುಕರು ಮಾತ್ರ, ಅವರು ಗೆಳೆಯನ ಓಣಿಯವರೇ, ಒಗೆದು ಮಡಿಸಿಟ್ಟ ಬಾವುಟವನ್ನು ಟ್ರಂಕಿನ ತಳದಿಂದ ತೆಗೆದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ತೀಡಿ ನೋಡಿ, “ಬಣ್ಣ ಹಂಗ ಐತೇನು?” ಎಂದು ಅಪ್ಪನನ್ನು ಕೇಳಿದರು.

ಬಣ್ಣ ಮಾಸಿ ಇಟ್ಟಿಗೆಯ ಹಾಗೆ ಆಗಿತ್ತು. “ಹಂಗ ಐತಿ” ಎಂದ ಅಪ್ಪ.

ಕೊನೆಗೆ ಅವ್ವನೇ ಕುಳಿತು ಹೊಲಿದಳು. ಬೇರೆ ಯಾರ ಕೈಗೂ ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಪ್ರದರ್ಶನದ ಕರೆಯೋಲೆಯಲ್ಲಿ ನಮ್ಮ ಕೋಣೆಯ ಹೆಸರಿನ ಮುಂದೆ ‘ಪ್ರತಿಷ್ಠಾಪನಾ ಕಲೆ’ ಎಂದು ಅಚ್ಚಾಗಿತ್ತು. ಇನ್‌ಸ್ಟಲೇಶನ್ ಎಂಬುದನ್ನು ಕಲೆಯ ಪುಸ್ತಕಗಳಲ್ಲಿ ಹಾಗೆಯೇ ಬರೆಯುತ್ತಾರೆ. ಮೊದಲ ದಿನವೇ ಬೆಟಗೇರಿಯ ಕಡೆಯಿಂದ ಹೆಣ್ಣುಮಕ್ಕಳ ಒಂದು ಗುಂಪು ಹೂವು, ಕಾಯಿ ಹಿಡಿದು ಬಂತು. ಗಿರಣಿಯಲ್ಲಿ ಯಾವುದೋ ದೇವರ ಪ್ರತಿಷ್ಠಾಪನೆ ಎಂದು ಅವರಿಗೆ ಯಾರೋ ಹೇಳಿದ್ದರು. ದೇವರಿಲ್ಲ ಎಂದು ನಾನು ತಿಳಿಸಿ ಹೇಳಿದೆ. ಅವರು ತಲೆಯಾಡಿಸಿದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ನಡೆಮಡಿಯ ಮೇಲೆ ಸಾಲಾಗಿ ನಡೆದು, ಕುರ್ಚಿಯ ಕಾಲಿಗೆ ಕುಂಕುಮ ಹಚ್ಚಿ ಹೋದರು. ಗೆಳೆಯ ಅದನ್ನು ಒರೆಸಲು ಹೋದ, ಮಖಮಲ್ಲಿನ ಅಂಚಿಗೆ ತಾಗಿದ್ದು ಹೋಗಲಿಲ್ಲ.

ಅಪ್ಪ ಪ್ರತಿದಿನ ಮುಂಡರಗಿ ಬಸ್ಸಿಗೆ ಬಂದು ಕೋಣೆಯ ಮೂಲೆಯ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದ. ಬರುವವರ ಕಾಲನ್ನು ಮಾತ್ರ ನೋಡುತ್ತಿದ್ದ. ನಡೆಮಡಿಯ ಎರಡೂ ಬದಿಗೆ ನಡೆಯಲು ಜಾಗ ಬಿಟ್ಟಿದ್ದೆವು. ಆದರೆ ಜನ ಬಟ್ಟೆ ಹಾಸಿದ್ದನ್ನು ನೋಡಿದ ಕೂಡಲೇ ಅದರ ಮೇಲೇ ನಡೆದರು. ಕಾಲೇಜು ಹುಡುಗರು ನಡೆದರು, ವಕೀಲರು ನಡೆದರು, ಕೈಯಲ್ಲಿ ಚೀಲ ಹಿಡಿದ ಸಂತೆಯವರು ನಡೆದರು. ಒಂದು ಮಧ್ಯಾಹ್ನ ಹಿರೇವಡ್ಡಟ್ಟಿಯ ಆ ಸಂಗಾತಿಯೂ ಬಂದರು. ಬಾಗಿಲಲ್ಲಿ ನಿಂತರು. ಅಪ್ಪ ಬೆಂಚಿನಿಂದ ಅರ್ಧ ಎದ್ದ. ಅವರು ಕೆಳಗೆ ಬಗ್ಗಿ ನೋಡಿ, “ನಂದು ಯಾವುದು ಇದರಾಗ?” ಎಂದು ನಗುತ್ತ ಕೇಳಿ, ನಡೆಯುತ್ತಲೇ ಒಳಗೆ ಬಂದರು. ಅಪ್ಪ ಹಾಗೆಯೇ ಕುಳಿತುಬಿಟ್ಟ.

“ನಾಳೆ ಬರಬ್ಯಾಡಪ್ಪಾ” ಎಂದೆ ಸಂಜೆ.

“ಬರ್ತೇನಿ. ಒಬ್ಬರಾದ್ರೂ ನಿಲ್ತಾರ” ಎಂದ.

ನಿಂತವನು ಒಬ್ಬನೇ, ವಾಡೆಯ ಮೊಮ್ಮಗ.

ಅವನನ್ನು ನಾವು ಕರೆದಿರಲಿಲ್ಲ. ಪ್ರದರ್ಶನದ ಸಮಿತಿಯವರು ಮುಕ್ತಾಯಕ್ಕೆ ಕರೆದಿದ್ದರು. ಹಿಂದೆ ಮುಂದೆ ಜನ, ಪತ್ರಿಕೆಯವರು, ಹಾರದ ಬುಟ್ಟಿ. ನಮ್ಮ ಕೋಣೆಯ ಬಾಗಿಲಿಗೆ ಬಂದ. ಕುರ್ಚಿ ನೋಡಿದ, ತಿರುಗುವ ಚವರಿ ನೋಡಿದ, ಕತ್ತರಿ ಹಿಡಿದ ಚಿತ್ರ ನೋಡಿದ. ಆಮೇಲೆ ಕೆಳಗೆ ನೋಡಿದ. ಮುಖದ ನಗು ಮಾಯವಾಯಿತು. ಅವನಿಗೆ ಎಲ್ಲ ಅರ್ಥವಾಗಿದೆ ಎಂಬುದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಅಷ್ಟು ದಿನಗಳಲ್ಲಿ ಪೂರ್ತಿ ಅರ್ಥ ಮಾಡಿಕೊಂಡ ಮೊದಲನೆಯ ಮನುಷ್ಯ ಅವನು. ಹಿಂದಿನಿಂದ ಯಾರೋ, “ನಡೀರಿ ಧಣಿ, ನಿಮಗಂತನ ಹಾಸ್ಯಾರ” ಎಂದರು. ಅವನು ಕೈ ಅಡ್ಡ ಹಿಡಿದು ಅವರನ್ನು ತಡೆದ.

“ಇದರ ಮ್ಯಾಲೆ ನಡೀಬಾರದ್ರಿ. ಇದು ನಮ್ಮ ಹಿರ್ಯಾರ ರಕ್ತಾ ಇದ್ದಂಗ” ಎಂದ.

ಚಪ್ಪಲಿ ಬಿಟ್ಟು, ಗೋಡೆಯ ಬದಿಗೆ ಒತ್ತಿಕೊಂಡು ನಡೆದು ಬಂದ. ಮೂಲೆಯಲ್ಲಿ ಕುಳಿತ ಅಪ್ಪನನ್ನು ಕಂಡು ನೇರ ಅಲ್ಲಿಗೇ ಹೋದ. ಬೆಂಚಿನ ಮುಂದೆ ಮೊಣಕಾಲೂರಿ ಎರಡೂ ಕೈಯಿಂದ ಅಪ್ಪನ ಪಾದ ಮುಟ್ಟಿದ. “ಕಾಕಾ, ನಮ್ಮಜ್ಜ ನಿಮಗ ಅನ್ಯಾಯ ಮಾಡ್ಯಾನ್ರಿ. ಅವನ ಪರವಾಗಿ ನಾ ಕ್ಷಮಾ ಕೇಳ್ತೇನಿ” ಎಂದ. ಕೋಣೆ ತುಂಬ ಜನ. ಚಪ್ಪಾಳೆ ಬಿತ್ತು. ಯಾರೋ ಕಣ್ಣೊರೆಸಿಕೊಂಡರು. ಅಪ್ಪ ಗಾಬರಿಯಾಗಿ ಕಾಲು ಹಿಂದೆ ಎಳೆದುಕೊಳ್ಳಲು ನೋಡಿದ, ಬೆಂಚಿನ ಹಿಂದೆ ಗೋಡೆ. ಅವನ ಎರಡೂ ಕೈಗಳು ತಾವಾಗಿಯೇ ಕೂಡಿದವು.

“ಏಳ್ರಿ ಧಣಿ, ಏಳ್ರಿ” ಎಂದ.

ನಾನು ಕಿವಿಯಾರೆ ಕೇಳಿದೆ. ಎದುರಿಗಿದ್ದ ಗೆಳೆಯ ನನ್ನ ಮುಖ ನೋಡಿದ. ಅವನಿಗೂ ನಮ್ಮ ಮನೆಯ ಸಂಗತಿ ಗೊತ್ತಿತ್ತು. ಫೋಟೋದವರು, “ಇನ್ನೊಮ್ಮೆ ಹಂಗ ಇರ್ರಿ” ಎಂದರು. ಮೊಮ್ಮಗ ಇನ್ನೊಮ್ಮೆ ಪಾದ ಮುಟ್ಟಿದ.

ಅಂದು ಮುಂಡರಗಿ ಬಸ್ಸಿನಲ್ಲಿ ಅಪ್ಪನ ಜೊತೆ ನಾನೂ ಹೋದೆ. ಡಂಬಳ ದಾಟುವವರೆಗೆ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗದೆ, “ನಾ ಅನ್ನಲಿಲ್ಲವ್ವಾ. ಅದ ಬಂತು” ಎಂದ.

“ಇರಲಿ ಬಿಡಪ್ಪಾ.”

“ಇಷ್ಟು ವರ್ಷ ಎಲ್ಲಿ ಕುಂತಿತ್ತ ಅದು ಬಾಯಾಗ?” ಎಂದು ಕೇಳಿದ.

ಫೋಟೋ ಪತ್ರಿಕೆಗಳಲ್ಲಿ ಬಂತು. ಊರಲ್ಲಿ ಜನ ಮನೆಗೆ ಬಂದು, “ಏನ್ ಪುಣ್ಯಾ ಮಾಡಿದ್ದಿ ಮಾರಾಯಾ, ಧಣ್ಯಾರು ಕಾಲ ಮುಟ್ಯಾರ” ಎಂದರು. ವೈರವಿದ್ದದ್ದನ್ನು ಎಲ್ಲರೂ ಮರೆತರು. ವಾಡೆಗೂ ನಮ್ಮ ಮನೆಗೂ ಮೊದಲಿನಿಂದಲೂ ಪ್ರೀತಿ ಇತ್ತು ಎಂಬಂತೆ ಮಾತುಗಳು ಹುಟ್ಟಿದವು. ಮೊಮ್ಮಗ ಚುನಾವಣೆಗೆ ನಿಂತಾಗ ಅದೇ ಫೋಟೋ ದೊಡ್ಡ ಬ್ಯಾನರಾಗಿ ಬಸ್ ನಿಲ್ದಾಣದ ಎದುರು ನಿಂತಿತು. ಅಪ್ಪ ಹೋಗಿ, ಅದನ್ನು ಕಟ್ಟುತ್ತಿದ್ದ ಹುಡುಗರಿಗೆ ಇಳಿಸಿರಿ ಎಂದು ಹೇಳಿದ. ಅವರು ಸಿಟ್ಟಾಗಲಿಲ್ಲ. “ಯಜ್ಜಾ, ನಿನ್ನ ಮಾರಿ ಎಷ್ಟ ಛಂದ ಬಂದೈತಿ ನೋಡ. ಯಾಕ ಇಳಸೂದು?” ಎಂದು ಅವನನ್ನೇ ಸಮಾಧಾನ ಮಾಡಿದರು.

ಅದಕ್ಕೇ ಅವನು ಒಂದು ಬೆಳಿಗ್ಗೆ ಮುಂಡರಗಿಗೆ ಹೋಗಿ ವಾಡೆಯವನ ಆಫೀಸಿನ ಮುಂದೆ ಕುಳಿತ. ಕೆಲಸಕ್ಕೆ, ಸೀಟಿಗೆ, ಬೋರ್‌ವೆಲ್ಲಿಗೆ ಎಂದು ಬಂದವರ ನಡುವೆ ಅವನೂ ಒಬ್ಬ. ಆಮೇಲೆ ಅಪ್ಪನೇ ನನಗೆ ಹೇಳಿದ ಸಂಗತಿ ಇದು. ಬಹಳ ಹೊತ್ತಿನ ಮೇಲೆ ಒಬ್ಬ ಹೊರಗೆ ಬಂದು ಗುರುತು ಹಿಡಿದು, ಒಳಗೆ ಕರೆದೊಯ್ದು ಚಹಾ ಕೊಟ್ಟ.

“ಧಣ್ಯಾರು ಊರಾಗಿಲ್ರಿ. ಆದ್ರ ಹೇಳಿ ಹೋಗ್ಯಾರ, ನೀವು ಬಂದ್ರ ಹಂಗ ಕಳಸಬ್ಯಾಡ್ರಿ, ಕೆಲಸಾ ಮಾಡಿಕೊಡ್ರಿ ಅಂತ.”

“ನನ್ನ ಕೆಲಸ ಏನಿಲ್ಲ. ಆ ಫೋಟೋ ತಗೀಬೇಕು.”

“ಫೋಟೋ ಹಾಳಾಗೇತೇನ್ರಿ? ಹೊಸಾದು ಹಾಕಸ್ತೇವಿ.”

ಅಪ್ಪ ಮತ್ತೆ ಅದನ್ನೇ ಹೇಳಿದ. ಆ ಮನುಷ್ಯ ಸ್ವಲ್ಪ ಯೋಚಿಸಿ, “ನಿಮ್ಮ ಪಿಂಚಣಿ ಆಗಿಲ್ಲೇನ್ರಿ?” ಎಂದು ಕೇಳಿದ. ಮುಂದಿನ ತಿಂಗಳಿನಿಂದ ಅಪ್ಪನಿಗೆ ವೃದ್ಧಾಪ್ಯ ವೇತನ ಬರತೊಡಗಿತು. ಕೇಳದೇ ಬಂದ ಅದನ್ನು ಅವನು ಮುಟ್ಟಲಿಲ್ಲ. ಅವ್ವ ಅದರಲ್ಲೇ ತನ್ನ ಮಂಡಿಯ ಔಷಧ ತರಿಸುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು.

ಬ್ಯಾನರು ಮಳೆ ಬಿಸಿಲಿಗೆ ಹರಿದು ಹೋಗುವವರೆಗೆ ಅಲ್ಲೇ ಇತ್ತು. ವಾಡೆಯವನು ಚುನಾವಣೆ ಗೆದ್ದ. ಅಪ್ಪ ಅದಾದ ಮೇಲೆ ಬಸ್ ನಿಲ್ದಾಣದ ಕಡೆ ಹೋಗುವುದನ್ನೇ ಬಿಟ್ಟ. ಹೊಲಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಸಂಘದ ಕಾಲದ ಮಾತು ತೆಗೆದರೆ ಎದ್ದು ಹೋಗುತ್ತಿದ್ದ. ಮೊದಲು ಅದೇ ಮಾತಿಗೆ ಅವನ ಕಣ್ಣುಗಳು ಹೊಳೆಯುತ್ತಿದ್ದವು. ನಾಲ್ಕಾರು ವರ್ಷ ಹಾಗೆ ಕಳೆದು, ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡ. ವಾಡೆಯವನು ಮಣ್ಣಿಗೆ ಬಂದು, ಹೆಣಕ್ಕೆ ಎಲ್ಲರಿಗಿಂತ ದೊಡ್ಡ ಹಾರ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರು ಎಂದು ಇಂದಿಗೂ ನನಗೆ ಹೇಳಲಾಗುವುದಿಲ್ಲ. ಹೇಳಲಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪ್ರದರ್ಶನ ಮುಗಿದಾಗಲೇ ನಮ್ಮ ಕೋಣೆಯ ಸಾಮಾನುಗಳನ್ನೆಲ್ಲ ವಾಡೆಯವನ ಕಾಲೇಜಿನವರು ಕೇಳಿ ಒಯ್ದಿದ್ದರು. ನನಗೆ ಮನಸ್ಸಿರಲಿಲ್ಲ. ಆದರೆ ಅದರ ಜೊತೆಗೇ ಗೆಳೆಯನಿಗೆ ಅಲ್ಲಿ ಮಾಸ್ತರಿಕೆಯೂ ಬಂತು. “ಏನ್ ಮಾಡ್ಲಿ? ಪ್ಲಾಸ್ಟಿಕ್ ಬಂದ ಮ್ಯಾಲೆ ಅಬ್ಬಾನ ಡಬ್ಬಿ ಯಾರೂ ತಗೊಳ್ಳೂದಿಲ್ಲ. ಬೋರ್ಡು ಕಂಪ್ಯೂಟರಿನ್ಯಾಗ ಬರೀತಾರ” ಎಂದು ಅವನು ನನ್ನ ಮುಖ ನೋಡದೆ ಹೇಳಿದ. ಹೋಗು ಎಂದು ನಾನೇ ಹೇಳಿದೆ. ಬೇಡ ಎನ್ನಲು ಅವನಿಗೆ ಕೊಡುವಂಥ ಬೇರೆ ಏನೂ ನನ್ನ ಹತ್ತಿರ ಇರಲಿಲ್ಲ.

ಅಪ್ಪ ಹೋದ ಮರುವರ್ಷ ಗದಗಿನ ಬಸ್ ನಿಲ್ದಾಣದಲ್ಲಿ ಗೆಳೆಯ ಅಕಸ್ಮಾತ್ ಸಿಕ್ಕ. ಬಸ್ಸಿಗೆ ಹೊತ್ತಿತ್ತು. ಮಿರ್ಚಿ ತಿಂದು ಚಹಾ ಕುಡಿಯುತ್ತ ನಿಂತೆವು. ಕಾಲೇಜಿನ ದೊಡ್ಡ ಹಾಲಿನಲ್ಲಿ ಆ ಕುರ್ಚಿ ಇದೆಯಂತೆ. ಸಮಾರಂಭಗಳಲ್ಲಿ ಮುಖ್ಯ ಅತಿಥಿಗಳು ಕುಳಿತುಕೊಳ್ಳುತ್ತಾರಂತೆ. ನಾವು ಬರೆದ ಧಣಿಗಳ ಚಿತ್ರಗಳನ್ನು ಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದಾರೆ, ಹುಡುಗರು ಅವರನ್ನು ಸಂಸ್ಥೆಯ ಹಿರಿಯರು ಎಂದು ತಿಳಿದು ಸಂಸ್ಥಾಪನಾ ದಿನಕ್ಕೆ ಹಾರ ಹಾಕುತ್ತಾರೆ ಎಂದ.

“ಕತ್ತರಿ ಹಿಡಿದವಗೂ?”

“ಅವಗೂ.”

“ಹುಡುಗೂರಿಗೆ ನೀನರ ಹೇಳಬೇಕಿಲ್ಲೇನು, ಇವು ಚಾಷ್ಟಿಗೆ ಬರದದ್ದು ಅಂತ?”

“ಹೇಳೇನಿ” ಎಂದ. “ನಕ್ರು. ಸರ್ ಚಾಷ್ಟಿ ಮಾಡ್ತಾರ ಅಂದ್ರು.”

ಅವನೂ ನಗಲು ನೋಡಿದ, ಆಗಲಿಲ್ಲ. ಬಾವುಟಗಳ ವಿಷಯ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಏನಾದರೂ ಹೊಸದು ಮಾಡುತ್ತಿದ್ದೀಯಾ ಎಂದು ಕೇಳಿದ. ಇಲ್ಲ ಎಂದೆ. ನೀನು ಎಂದು ಕೇಳಿದೆ. ಅವನು ಚಹಾದ ಲೋಟವನ್ನು ಕಟ್ಟೆಯ ಮೇಲೆ ಇಟ್ಟ.

ಮುಂಡರಗಿಯ ಬಸ್ಸು ಬಂದಿತು, ಅವನು ಹೋದ. ಸ್ವಲ್ಪ ಹೊತ್ತಿಗೆ ಶಿರಹಟ್ಟಿಯದೂ ಬಂತು. ಮರುದಿನ ಎಂಟನೆಯ ತರಗತಿಗೆ ಎಂದಿನಂತೆ ಹೂದಾನಿಯ ಚಿತ್ರ ಬರೆಸುವುದಿತ್ತು.